.315 ಸಾಫ್ಟ್‌ನೋಸ್ ಮತ್ತು 12 ಬೋರ್ ತೋಟಾ: ದಾವಣಗೆರೆ ಸೀಮೆಯ ಹೊಲಕ್ಕೆ ಯಾವುದು ಸರಿ, ಕಾನೂನು ಯಾವುದಕ್ಕೆ ಒಪ್ಪುತ್ತದೆ

ಲೈಸೆನ್ಸ್ ಕೈಗೆ ಬಂದವರು ಮೊದಲು ಕೋವಿ ನೋಡುತ್ತಾರೆ, ತೋಟಾದ ಮಾತು ಎತ್ತುವುದು ಕೊನೆಗೆ. ಮೊದಲು ನೋಡಬೇಕಾದದ್ದು ತೋಟಾವನ್ನೇ. ರೈಫಲ್ ನಿಷೇಧಿತ ಬೋರಿನದೋ (ಬೋರ್ ಎಂದರೆ ನಳಿಗೆಯ ಒಳ ಅಗಲ) ಅಲ್ಲವೋ ಎಂದು ಕಾನೂನು ತೀರ್ಮಾನಿಸುವುದು ಅದರ ಚೇಂಬರಿನಲ್ಲಿ ಯಾವ ತೋಟಾ ಕೂರುತ್ತದೆ ಎಂಬುದನ್ನು ನೋಡಿ. ಹೊಲದಲ್ಲಿ ಅನಾಹುತ ಆಗುವುದೂ ತಪ್ಪುವುದೂ ತೋಟಾದ ಆಯ್ಕೆಯಿಂದಲೇ. ಅದಕ್ಕೇ ಇಲ್ಲಿ ಎರಡು ತೋಟಾಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ: ಪುಣೆ ಹತ್ತಿರದ ಖಡ್ಕಿ ಅಮ್ಯುನಿಷನ್ ಫ್ಯಾಕ್ಟರಿಯ .315 ಸಾಫ್ಟ್‌ನೋಸ್ (ತುದಿಯಲ್ಲಿ ಸೀಸ ಬರಿದಾದ ಗುಂಡಿನ) ರೈಫಲ್ ತೋಟಾ, ಅದೇ ಕಾರ್ಖಾನೆಯ ಶಕ್ತಿಮಾನ್ ಹೆಸರಿನ 12 ಬೋರ್ ತೋಟಾ. ಕಾರ್ಖಾನೆ ಈಗ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್ ಅಡಿಯಲ್ಲಿದೆ. 2021ರ ಅಕ್ಟೋಬರಿನಲ್ಲಿ ಹಳೆಯ ಆರ್ಡ್ನೆನ್ಸ್ ಫ್ಯಾಕ್ಟರಿಗಳನ್ನು ಬೇರೆಬೇರೆ ಕಂಪನಿಗಳಾಗಿ ಹಂಚಿದಾಗ ಬಂದ ಹೆಸರು ಅದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. .315 ತೋಟಾ ಸರಕಾಗಿ ಗಟ್ಟಿ, ನಂಬಬಹುದಾದದ್ದು. ಆದರೆ ದಾವಣಗೆರೆ, ಹರಿಹರ, ಹೊನ್ನಾಳಿಯ ಬಯಲು ಹೊಲಗಳಿಗೆ ಅದು ಬೇಡವೇ ಬೇಡ. 12 ಬೋರ್ ಸಾಕು, ಅದೂ ಸರಿಯಾದ ಉದ್ದದ್ದು, ಸರಿಯಾದ ಚರೆಯದ್ದು (ಚರೆ ಎಂದರೆ ಒಳಗಿನ ಸಣ್ಣ ಗೋಲಿಗಳು) ಆರಿಸಿದರೆ ಮಾತ್ರ.

ಕಾನೂನಿನಲ್ಲಿ ಒಂದು ಗೊಂದಲ ಮೊದಲು ಬಿಡಿಸಬೇಕು. ‘ರಾಜ್ಯ ಸರ್ಕಾರ ರೈಫಲ್ ಗುಂಡು ಬಂದ್ ಮಾಡಿದೆ’, ‘ಡಿಸಿ ಸಾಹೇಬರು ಮನಸ್ಸು ಮಾಡಿದರೆ ತ್ರೀ ನಾಟ್ ತ್ರೀನೂ (ಸೇನೆಯ .303) ಸಿಗುತ್ತೆ’ ಎಂಬ ಮಾತು ಹೋಟೆಲ್ ಕಟ್ಟೆಗಳಲ್ಲಿ ಓಡಾಡುತ್ತಲೇ ಇರುತ್ತದೆ. ಎರಡೂ ತಪ್ಪು. ಶಸ್ತ್ರಾಸ್ತ್ರ, ಮದ್ದುಗುಂಡು, ಸ್ಫೋಟಕ ಇವೆಲ್ಲ ಸಂವಿಧಾನದ ಕೇಂದ್ರ ಪಟ್ಟಿಯ 5ನೇ ಬಾಬತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ನಿಯಮಗಳೂ ಕೇಂದ್ರದವು. ಲೈಸೆನ್ಸ್ ಕೊಡುವುದು, ಬಿಡುವುದು, ಅದರಲ್ಲಿ ಎಷ್ಟು ತೋಟಾ ಎಂದು ಬರೆಯುವುದು ಜಿಲ್ಲಾ ಮ್ಯಾಜಿಸ್ಟ್ರೇಟರಾಗಿ ಡಿಸಿಯವರ ಕೆಲಸ. ಯಾವ ತೋಟಾ ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನು ಬದಲಿಸುವ ಅಧಿಕಾರ ಜಿಲ್ಲಾಡಳಿತ ಭವನದಲ್ಲೂ ಇಲ್ಲ, ವಿಧಾನಸೌಧದಲ್ಲೂ ಇಲ್ಲ.

ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ರಾಜ್ಯಕ್ಕೊಂದು ಕಾನೂನು. ಕ್ಯಾಲಿಫೋರ್ನಿಯಾ 2005ರಿಂದ, ಬ್ರೌನಿಂಗ್ ಮೆಷಿನ್ ಗನ್ನಿನ ಭಾರಿ ತೋಟಾವಾದ .50 ಬಿಎಂಜಿ ಹಾರಿಸುವ ರೈಫಲ್ಲುಗಳಿಗೆ ಕಡಿವಾಣ ಹಾಕಿದೆ. ಆ ತೋಟಾ ಯಾವುದು ಎಂದು ಅಲ್ಲಿನ ದಂಡ ಸಂಹಿತೆಯಲ್ಲಿ ಅಳತೆ ಸಮೇತ ಬರೆದಿದ್ದಾರೆ: ಬುಡದಿಂದ ತುದಿಗೆ 5.54 ಇಂಚು ಉದ್ದ, ಗುಂಡಿನ ವ್ಯಾಸ .510ರಿಂದ .511 ಇಂಚು, ಮದ್ದು ತುಂಬುವ ಖಾಲಿ ಕೊಳವೆಯ ಉದ್ದ 3.91 ಇಂಚು, ಕೊಳವೆಯ ಬುಡದ ವ್ಯಾಸ .800ರಿಂದ .804 ಇಂಚು. ಆ ತೋಟಾ ಹಾರಿಸಬಲ್ಲ ಸೆಂಟರ್‌ಫೈರ್ (ತೋಟಾದ ಬುಡದ ನಡುವೆ ಹೊಡೆದು ಹಾರಿಸುವ) ರೈಫಲ್ಲು ನಿರ್ಬಂಧದೊಳಗೆ ಬಂತೆಂದೇ ಅರ್ಥ. ನಮ್ಮ ನಿಯಮದಲ್ಲಿ ಇಷ್ಟು ಸೂಕ್ಷ್ಮ ಅಳತೆ ಇಲ್ಲ. ಹಿಡಿದಿರುವ ದಾರಿ ಮಾತ್ರ ಅದೇ, ಕೋವಿಯ ರೂಪಕ್ಕಿಂತ ಅದು ನುಂಗುವ ತೋಟಾದ ಮೇಲೆ ಕಣ್ಣು.

ನಮ್ಮ ಕಾಯ್ದೆಯ 2ನೇ ಕಲಮಿನಲ್ಲಿ ಮದ್ದುಗುಂಡಿನ ವ್ಯಾಖ್ಯೆ ಬಹಳ ಅಗಲ. ತುಂಬಿದ ತೋಟಾ ಒಂದೇ ಅಲ್ಲ, ಕೋವಿಗೆ ಹಾಕುವ ಮದ್ದಿನ ಚಾರ್ಜು, ತೋಟಾದ ಬಿಡಿಭಾಗ, ತೋಟಾ ತಯಾರಿಸುವ ಯಂತ್ರ ಎಲ್ಲವೂ ಅದರಲ್ಲಿ ಬರುತ್ತವೆ. ಅದೇ ಕಲಮಿನಲ್ಲಿ ನಿಷೇಧಿತ ಮದ್ದುಗುಂಡು ಎಂದು ಬೇರೆಯೇ ಪಟ್ಟಿ ಇದೆ: ವಿಷದ್ರವ, ವಿಷಾನಿಲ ತುಂಬಿದ್ದು ಅಥವಾ ತುಂಬುವ ಹಾಗೆ ಮಾಡಿದ್ದು, ರಾಕೆಟ್, ಬಾಂಬು, ಗ್ರೆನೇಡು, ಶೆಲ್ಲು, ಕ್ಷಿಪಣಿ, ಜೊತೆಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಸೇರಿಸುವಂಥವು. ಲೈಸೆನ್ಸುದಾರರಿಗೆ ಇವುಗಳ ಗೊಡವೆ ಇರುವುದಿಲ್ಲ.

ಜನ ಎಡವುವುದು ಇನ್ನೊಂದು ಕಡೆ, ನಿಯಮಗಳ ಒಂದನೇ ಅನುಸೂಚಿಯಲ್ಲಿ. .303 ಅಥವಾ 7.62 ಎಂಎಂ ಬೋರಿನ ಬೋಲ್ಟ್ ಆ್ಯಕ್ಷನ್ (ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತುಂಬುವ) ಮತ್ತು ಸೆಮಿ ಆಟೋಮ್ಯಾಟಿಕ್ (ಒಂದು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ಲುಗಳು, ಬೋರ್ ಬೇರೆಯಾದರೂ ಸೇನೆಯ .303 ಅಥವಾ 7.62 ತೋಟಾವನ್ನು ಚೇಂಬರಿಗೆ ತೆಗೆದುಕೊಂಡು ಹಾರಿಸಬಲ್ಲ ಯಾವುದೇ ರೈಫಲ್ಲು, .410 ಮಸ್ಕೆಟ್, .380, .455 ಮತ್ತು ಸೇನೆಯ 9 ಎಂಎಂ ತೋಟಾ ಹಾರಿಸುವ ಪಿಸ್ತೂಲು, ರಿವಾಲ್ವರು, ಕಾರ್ಬೈನು ಇವೆಲ್ಲ ಒಂದನೇ ವರ್ಗದವು. ಅವುಗಳ ತೋಟಾವೂ ಅದೇ ವರ್ಗಕ್ಕೆ ಸೇರುತ್ತದೆ. ರೂಢಿಯಲ್ಲಿ ಪಿಬಿ (ಪ್ರೊಹಿಬಿಟೆಡ್ ಬೋರ್, ಅಂದರೆ ನಿಷೇಧಿತ ಬೋರ್) ಎನ್ನುವುದು ಇದಕ್ಕೇ. ಇದು ಡಿಸಿ ಆಫೀಸಿನಲ್ಲಿ ಸಿಗುವ ಲೈಸೆನ್ಸ್ ಅಲ್ಲ, ಗೃಹ ಸಚಿವಾಲಯದ ಮಟ್ಟದ್ದು. .410 ಮಸ್ಕೆಟ್ ಇಲ್ಲಿ ಏಕೆ ಬಂತು ಎಂದು ಕೇಳುವವರಿದ್ದಾರೆ. ಪೊಲೀಸರ ಹಳೆಯ .410 ಮಸ್ಕೆಟ್ಟಿನ ತೋಟಾ .303ರ ಕೊಳವೆಯಿಂದ ಮಾಡಿದ್ದು. ಅಂಗಡಿಯಲ್ಲಿ ಸಿಗುವ .410 ಚರೆ ತೋಟಾ ಬೇರೆ, ಇದು ಬೇರೆ. ಎರಡನ್ನೂ ಒಂದೇ ಎಂದುಕೊಂಡು ಅರ್ಜಿ ಬರೆದರೆ ಫೈಲು ಅಲ್ಲೇ ನಿಲ್ಲುತ್ತದೆ.

.315 ಹುಟ್ಟಿದ್ದೂ ನಮ್ಮಲ್ಲಿ ಉಳಿದದ್ದೂ ಈ ಕಾರಣಕ್ಕೇ. ಸೈನ್ಯದ ಉಗ್ರಾಣದಿಂದ ಕದ್ದ ತೋಟಾ ಊರಿನ ಕೋವಿಗಳಿಗೆ ಹೊಂದಬಾರದು ಎಂದು ಬ್ರಿಟಿಷರು 1907ರ ಸುಮಾರಿಗೆ ಸೇನೆಯ ಬೋರುಗಳನ್ನು ಖಾಸಗಿಯವರಿಗೆ ನಿಲ್ಲಿಸಿದರು. ಆಗ ಬೇಟೆ ರೈಫಲ್ಲಿಗೆ ಬೇರೆ ತೋಟಾ ಹುಡುಕಬೇಕಾಯಿತು. ಆಸ್ಟ್ರಿಯಾದ 8x50 ರಿಮ್ಡ್ ಮ್ಯಾನ್‌ಲಿಕರ್ ತೋಟಾ .315 ಎಂಬ ಹೆಸರಿನಲ್ಲಿ ಬಂದದ್ದು ಹಾಗೆ. ಸ್ವಾತಂತ್ರ್ಯ ಬಂದ ಮೇಲೂ ಪಶ್ಚಿಮ ಬಂಗಾಳದ ಇಶಾಪುರದ ರೈಫಲ್ ಫ್ಯಾಕ್ಟರಿ ಖಾಸಗಿ ಲೈಸೆನ್ಸುದಾರರಿಗೆ ಅದೇ ಬೋರಿನ ರೈಫಲ್ ಮಾಡುತ್ತಾ ಬಂತು. .303ರ ಕೊಳವೆ 56 ಎಂಎಂ ಉದ್ದ, .315ರದ್ದು 50 ಎಂಎಂ. .303 ತೋಟಾ ತಂದು .315ರ ಚೇಂಬರಿಗೆ ಹಾಕಿದರೆ ಪೂರ್ತಿ ಕೂರುವುದಿಲ್ಲ, ಬೋಲ್ಟ್ ಮುಚ್ಚುವುದಿಲ್ಲ. ಮುಚ್ಚಬಾರದು ಎಂದೇ ಆ ಅಳತೆ. ರಿಪೇರಿ ನೆಪದಲ್ಲಿ ಯಾರಾದರೂ ಚೇಂಬರ್ ‘ಸ್ವಲ್ಪ ಬಿಡಿಸಿಕೊಡ್ತೀನಿ’ ಎಂದರೆ ರೈಫಲ್ಲನ್ನು ವಾಪಸ್ ತೆಗೆದುಕೊಂಡು ಬನ್ನಿ. ಸೇನೆಯ ತೋಟಾ ಹಾರಿಸುವಂತಾದ ಕ್ಷಣ ಅದು ಒಂದನೇ ವರ್ಗಕ್ಕೆ ಹೋಗುತ್ತದೆ, ನಿಮ್ಮ ಕೈಲಿರುವ ಲೈಸೆನ್ಸ್ ಅದಕ್ಕೆ ಅನ್ವಯಿಸುವುದೇ ಇಲ್ಲ.

ಈಗ .315 ತೋಟಾವನ್ನೇ ಕೈಗೆತ್ತಿಕೊಳ್ಳೋಣ. ಹಿತ್ತಾಳೆಯ ಕೊಳವೆ, ಬುಡದಲ್ಲಿ ಅಂಚು ಹೊರಕ್ಕೆ ಚಾಚಿರುತ್ತದೆ, ನಡುವೆ ಮದ್ದಿಗೆ ಕಿಡಿ ಹೊತ್ತಿಸುವ ದುಂಡನೆ ಕೇಪು. ಬುಡದ ಮೇಲೆ ಖಡ್ಕಿ ಕಾರ್ಖಾನೆಯ ಗುರುತಾದ ಕೆಎಫ್ ಎಂಬ ಅಕ್ಷರ, ತಯಾರಾದ ವರ್ಷದ ಅಂಕಿ ಒತ್ತಿರುತ್ತಾರೆ. ಗುಂಡು 244 ಗ್ರೇನ್, ಅಂದರೆ ಹತ್ತಿರಹತ್ತಿರ 16 ಗ್ರಾಂ. ಮೈಗೆ ಲೋಹದ ಕವಚ, ಮೊಂಡು ತುದಿಯಲ್ಲಿ ಮಾತ್ರ ಸೀಸ ಬರಿದಾಗಿ ಕಾಣುತ್ತದೆ. ಸಾಫ್ಟ್‌ನೋಸ್ ಎನ್ನುವುದು ಈ ಬರಿದಾದ ಸೀಸಕ್ಕೆ. ಮೈಗೆ ತಾಗಿದ ಕೂಡಲೇ ತುದಿ ಅಣಬೆಯಂತೆ ಅರಳಿ, ವೇಗವೆಲ್ಲ ಒಳಗೇ ಖರ್ಚಾಗಿ ಪ್ರಾಣಿ ಬೇಗ ಬೀಳುತ್ತದೆ. 1899ರ ಹೇಗ್ ಘೋಷಣೆ ಯುದ್ಧದಲ್ಲಿ ಇಂಥ ಅರಳುವ ಗುಂಡನ್ನು ಬಳಸಬಾರದು ಎನ್ನುತ್ತದೆ, ಸೈನ್ಯಗಳು ಪೂರ್ತಿ ಕವಚದ ಗುಂಡು ಹಾರಿಸುವುದು ಅದಕ್ಕೆ. ನಮ್ಮ ಲೈಸೆನ್ಸಿನ ರೈಫಲ್ಲಿಗೆ ಆ ನಿಷೇಧ ಇಲ್ಲ. ಗಾಯಗೊಂಡ ಪ್ರಾಣಿ ನರಳುತ್ತಾ ತಪ್ಪಿಸಿಕೊಂಡು ಹೋಗುವುದಕ್ಕಿಂತ ಇದೇ ಒಳ್ಳೆಯದು.

ಕೊಳ್ಳುವಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಕೊಳವೆಯ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಗುಂಡನ್ನು ಬೆರಳಲ್ಲಿ ಹಿಡಿದು ತಿರುಗಿಸಿದರೆ ಅಲುಗಬಾರದು. ಅಲುಗಿದ ಗುಂಡು ಒಳಕ್ಕೆ ಸರಿದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಕೇಪು ಬುಡದ ಮಟ್ಟಕ್ಕೆ ಸಮವಾಗಿ ಅಥವಾ ಚೂರು ಒಳಗೆ ಕೂತಿರಬೇಕು, ಮೇಲೆದ್ದಿದ್ದರೆ ಬೋಲ್ಟ್ ಮುಚ್ಚುವಾಗಲೇ ಸಿಡಿಯುವ ಭಯ. ಹಸಿರು ಕಿಲುಬು ಹಿಡಿದದ್ದನ್ನು ಒರೆಸಿ ಹೊಳೆಯಿಸಿ ಕೊಟ್ಟರೂ ತೆಗೆದುಕೊಳ್ಳಬೇಡಿ. ಒಂದೇ ಲಾಟಿನ (ಒಟ್ಟಿಗೆ ತಯಾರಾದ) ತೋಟಾ ಕೇಳಿ ಪಡೆಯಿರಿ. ಹಳೆ ವರ್ಷದ್ದು, ಹೊಸ ವರ್ಷದ್ದು ಬೆರೆಸಿ ಹಾರಿಸಿದರೆ ಗುರಿ ಏರುಪೇರಾಗುತ್ತದೆ, ಆಮೇಲೆ ರೈಫಲ್ಲನ್ನು ದೂರುತ್ತಾ ಕೂರುತ್ತೇವೆ.

ಇಷ್ಟೆಲ್ಲ ಗುಣವಿದ್ದೂ ಇದನ್ನು ಬೇಡ ಎನ್ನುವುದೇಕೆ? ದೂರಕ್ಕೆ. ನಳಿಗೆ ತುಸು ಮೇಲೆತ್ತಿ ಹಾರಿಸಿದ .315 ಗುಂಡು ಎರಡು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಸಣ್ಣದೆಂದು ತಾತ್ಸಾರ ಮಾಡುವ .22ರ ಗುಂಡೇ ಒಂದೂವರೆ ಕಿಲೋಮೀಟರ್ ಹೋಗುತ್ತದೆ. ಭದ್ರಾ ಕಾಲುವೆಯ ಗದ್ದೆ ಬಯಲಿನಲ್ಲಿ ಎರಡು ಕಿಲೋಮೀಟರಿಗೆ ಒಂದು ಊರು, ನಡುವೆ ರಸ್ತೆ, ನೀರು ಕಟ್ಟಲು ರಾತ್ರಿ ಹೊಲಕ್ಕೆ ಬಂದವರು, ಬಣವೆ ಹತ್ತಿರ ಮಲಗಿದವರು. ಆಳೆತ್ತರ ಬೆಳೆದ ಮೆಕ್ಕೆಜೋಳದೊಳಗೆ ಹಂದಿ ನುಗ್ಗಿದಾಗ ಅದರ ಬೆನ್ನಾಚೆ ಏನಿದೆ ಎಂದು ಯಾರಿಗೂ ಕಾಣುವುದಿಲ್ಲ. ರೈಫಲ್ಲಿಗೆ ಹಿಂದೆ ಮಣ್ಣಿನ ದಿಬ್ಬ ಬೇಕು. ಎರೆಭೂಮಿಯ ಬಯಲಲ್ಲಿ ದಿಬ್ಬ ಎಲ್ಲಿಂದ ತರುವುದು? ಚಿತ್ರದುರ್ಗದ ಕಡೆ ಗುಡ್ಡವಿದೆಯಲ್ಲ ಎಂದರೆ ಅಲ್ಲಿ ಕಲ್ಲುಬಂಡೆಯ ಕಾಟ. ಬಂಡೆಗೆ ಬಡಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆ ಎಂದು ಹಾರಿಸಿದವನಿಗೂ ಗೊತ್ತಾಗುವುದಿಲ್ಲ. ಈ ಸೀಮೆಯಲ್ಲಿ ಮನೆ ಕಾವಲಿಗೆ, ಬೆಳೆ ಕಾವಲಿಗೆ ರೈಫಲ್ ಬೇಕೆಂದು ಅರ್ಜಿ ಹಾಕುವವರು ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

12 ಬೋರಿನ ಚರೆ ಅಷ್ಟು ದೂರ ಹೋಗುವುದಿಲ್ಲ. ಎಲ್‌ಜಿ ಎಂಬ ದಪ್ಪ ಚರೆಯ ಒಂದೊಂದು ಗೋಲಿ 9.1 ಎಂಎಂ, ಅದು 700 ಮೀಟರಿನ ಆಸುಪಾಸಿಗೆ ಬೀಳುತ್ತದೆ. ಎಸ್‌ಜಿ 8.4 ಎಂಎಂ, ಅದಕ್ಕಿಂತ ಸ್ವಲ್ಪ ಈಚೆ. 4 ನಂಬರ್ ಚರೆ 250 ಮೀಟರಿನೊಳಗೆ ನೆಲ ಕಾಣುತ್ತದೆ. ಎಲ್‌ಜಿಯ 700 ಮೀಟರ್ ಕೂಡ ಕಡಿಮೆ ದೂರವೇನಲ್ಲ, ಹಾಗಾಗಿ ಬೆದರಿಸುವುದೊಂದೇ ಉದ್ದೇಶವಾದರೆ ಸಣ್ಣ ಚರೆಯೇ ಇರಲಿ. ಎಲ್‌ಜಿ, ಎಸ್‌ಜಿಗಳ ನಿಜವಾದ ಬಲ 35, 40 ಮೀಟರಿನೊಳಗೆ. ಅದರಾಚೆ ಚರೆ ಹರಡಿ ಪ್ರಾಣಿಗೆ ಒಂದೋ ಎರಡೋ ತಾಗಿ ಗಾಯವಷ್ಟೇ ಆಗುತ್ತದೆ. ಗಾಯಗೊಂಡ ಹಂದಿ ಮರುದಿನ ಬೆಳಿಗ್ಗೆ ಹೊಲಕ್ಕೆ ಬಂದ ಹೆಂಗಸರ ಮೇಲೆ ಏರಿ ಬಂದರೆ ಅದರ ಹೊಣೆ ಹಾರಿಸಿದವನದ್ದೇ.

ಶಕ್ತಿಮಾನ್ ತೋಟಾದಲ್ಲಿ ಜನ ಗಮನಿಸದೆ ಬಿಡುವುದು ಉದ್ದವನ್ನು. ಇದು 65 ಎಂಎಂ ಮತ್ತು 70 ಎಂಎಂ ಎಂದು ಎರಡು ಉದ್ದದಲ್ಲಿ ಬರುತ್ತದೆ. ಡಬ್ಬಿಯ ಮೇಲೆ ಬರೆದಿರುವುದು ಹಾರಿಸಿ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ, ಹಾರಿಸುವ ಮೊದಲಿನದ್ದಲ್ಲ. ಮಡಚಿದ ಬಾಯಿಯ 70 ಎಂಎಂ ತೋಟಾ 65 ಎಂಎಂ ಚೇಂಬರಿನಲ್ಲಿ ಆರಾಮವಾಗಿ ಕೂತುಬಿಡುತ್ತದೆ, ಕೋವಿಯೂ ಮುಚ್ಚಿಕೊಳ್ಳುತ್ತದೆ, ಏನೂ ತಪ್ಪಾದ ಹಾಗೆ ಕಾಣುವುದಿಲ್ಲ. ಕುದುರೆ (ಕೇಪಿಗೆ ಹೊಡೆಯುವ ಸುತ್ತಿಗೆ) ಬಿದ್ದಾಗ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಅದು ನಳಿಗೆ ಸಪೂರಾಗುವ ಕಡೆ ಸಿಕ್ಕಿಕೊಂಡು ಒತ್ತಡ ವಿಪರೀತ ಏರುತ್ತದೆ. ಒಮ್ಮೆ, ಎರಡು ಸಲ ಏನೂ ಆಗದಿರಬಹುದು. ಹಾಗೇ ಮುಂದುವರಿದರೆ ಜೋಡು ನಳಿಗೆಯ ಹಳೆ ಕೋವಿಯ ಕೀಲು ಸಡಿಲಾಗುತ್ತದೆ, ಕೊನೆಗೆ ನಳಿಗೆ ಸೀಳುತ್ತದೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟು 65 ಎಂಎಂ ಚೇಂಬರಿನವು. ಕೋವಿ ಬಿಚ್ಚಿ ನಳಿಗೆಯ ಬುಡದ ಚಪ್ಪಟೆ ಭಾಗ ನೋಡಿ, 65 ಅಥವಾ 70, ಇಲ್ಲವೆ ಎರಡೂವರೆ ಇಂಚು ಅಥವಾ ಎರಡೂಮುಕ್ಕಾಲು ಇಂಚು ಎಂದು ಒತ್ತಿರುತ್ತಾರೆ. ಗುರುತು ಸವೆದು ಕಾಣದಿದ್ದರೆ 65 ಎಂದೇ ತಿಳಿದು ಕೊಳ್ಳಿ. 65ರ ತೋಟಾವನ್ನು 70ರ ಕೋವಿಯಲ್ಲಿ ಹಾರಿಸಿದರೆ ತೊಂದರೆ ಇಲ್ಲ.

ಇನ್ನೊಂದು ಅಪಾಯ ಅಪರೂಪ, ಆದರೆ ಹಾಗೇನಾದರೂ ಆದಾಗ ಬೆರಳೇ ಹೋಗುತ್ತದೆ. ಮನೆಯಲ್ಲಿ 20 ಬೋರಿನ ತೋಟಾ ಇದ್ದರೆ ಅದು 12 ಬೋರಿನ ಚೇಂಬರ್ ದಾಟಿ ಜಾರಿ ನಳಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಚೇಂಬರ್ ಖಾಲಿ ಕಾಣುತ್ತದೆ. ಅದರ ಹಿಂದೆ 12 ಬೋರಿನದ್ದು ತುಂಬಿ ಹಾರಿಸಿದರೆ ನಳಿಗೆ ಒಡೆಯುತ್ತದೆ. 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಹಾಕುವ ರೂಢಿ ಬಂದದ್ದೇ ಈ ಕಾರಣಕ್ಕೆ. ಒಂದೇ ಚೀಲದಲ್ಲಿ ಎರಡು ಬೋರಿನ ತೋಟಾ ಇಡಲೇಬೇಡಿ.

ಸರಕಿನ ಗುಣದಲ್ಲಿ ಶಕ್ತಿಮಾನ್‌ಗೆ ಒಳ್ಳೆಯ ಅಂಕ ಕೊಡಬಹುದು. ಕಾಗದದ ಕೊಳವೆಯ ಹಳೆ ತೋಟಾ ಮಳೆಗಾಲದಲ್ಲಿ ಉಬ್ಬಿ ಚೇಂಬರಿನಲ್ಲಿ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೊಳವೆಯದ್ದರಲ್ಲಿ ಆ ತಲೆನೋವಿಲ್ಲ, ಕೊಳ್ಳುವಾಗ ಅದನ್ನೇ ಕೇಳಿ. ಬಾಯಿಯ ಮಡಿಕೆ ಬಿಗಿಯಾಗಿರಬೇಕು, ಅಲ್ಲಾಡಿಸಿದರೆ ಚರೆ ಗಲಗಲ ಎನ್ನಬಾರದು. ಬುಡದ ಹಿತ್ತಾಳೆಯಲ್ಲಿ ತುಕ್ಕು, ನೆಗ್ಗು ಇರಬಾರದು.

ಅಂಗಡಿಗೆ ಹೋಗುವ ಮೊದಲು ಲೈಸೆನ್ಸ್ ತೆರೆದು ತೋಟಾದ ಎರಡು ಕಾಲಂ ಓದಿಕೊಳ್ಳಿ. ಒಂದು, ಯಾವುದೇ ಸಮಯದಲ್ಲಿ ಕೈಲಿ ಇರಬಹುದಾದ ಗರಿಷ್ಠ ಸಂಖ್ಯೆ. ಇನ್ನೊಂದು, ವರ್ಷದಲ್ಲಿ ಕೊಳ್ಳಬಹುದಾದ ಗರಿಷ್ಠ ಸಂಖ್ಯೆ. ಎರಡೂ ಬೇರೆಬೇರೆ ಮಿತಿ, ಎರಡನ್ನೂ ಒಟ್ಟಿಗೇ ಪಾಲಿಸಬೇಕು. ವರ್ಷದ ಮಿತಿ ಬಾಕಿ ಇದೆ ಎಂದು ಕೊಳ್ಳಲು ಹೋಗಿ, ಮನೆಯಲ್ಲಿ ಹಳೆಯದು ಉಳಿದಿದ್ದರಿಂದ ಮೊದಲ ಮಿತಿ ಮೀರುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಅದು ಲೈಸೆನ್ಸಿನ ಷರತ್ತು ಮುರಿದಂತೆ. ಉಳಿದದ್ದನ್ನು ಎಣಿಸಿಕೊಂಡೇ ಮನೆ ಬಿಡಿ. ಡೀಲರು ಕೊಟ್ಟ ತೋಟಾದ ಬಗೆ, ಸಂಖ್ಯೆ, ತಾರೀಖು ಲೈಸೆನ್ಸಿನ ಮೇಲೆ ಬರೆದು ಸಹಿ, ಮೊಹರು ಹಾಕಬೇಕು, ತನ್ನ ರಿಜಿಸ್ಟರಿನಲ್ಲೂ ಬರೆಯಬೇಕು. ಎರಡೂ ಕಡೆ ಒಂದೇ ಅಂಕಿ ಇದೆಯೇ ಎಂದು ಅಲ್ಲೇ ನಿಂತು ನೋಡಿ. ಬಿಲ್ಲು ಬೇಕೇ ಬೇಕು. ‘ಬರೆಯೋದು ಬಿಡಿ ಅಣ್ಣಾ, ನಾಲ್ಕು ಹೆಚ್ಚಿಗೆ ಇಟ್ಕೊಳ್ಳಿ’ ಎನ್ನುವ ಕಡೆ ವ್ಯವಹಾರ ಮಾಡಬೇಡಿ. ಬರವಣಿಗೆಯಿಲ್ಲದ ಆ ನಾಲ್ಕು ತೋಟಾವನ್ನು ಕಾನೂನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ಮದ್ದುಗುಂಡಾಗಿ ನೋಡಬಹುದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಅದಕ್ಕೆ 25ನೇ ಕಲಮಿನಡಿ ಎರಡರಿಂದ ಐದು ವರ್ಷ ಜೈಲು ಮತ್ತು ದಂಡ. ನಿಷೇಧಿತ ತೋಟಾ ಆದರೆ ಏಳರಿಂದ ಹದಿನಾಲ್ಕು ವರ್ಷ.

ಲೈಸೆನ್ಸಿನಲ್ಲಿ ಬರೆದ ಕೋವಿಯ ಬೋರಿಗೆ ಮಾತ್ರ ತೋಟಾ ಕೊಳ್ಳಬಹುದು. ಪಕ್ಕದ ಹೊಲದ ಮಾವನವರ ಕೋವಿಗೂ ಇರಲಿ ಎಂದು ನಿಮ್ಮ ಲೈಸೆನ್ಸಿನಲ್ಲಿ ತರುವಂತಿಲ್ಲ, ತಂದದ್ದನ್ನು ಅವರಿಗೆ ಕೊಡುವಂತೆಯೂ ಇಲ್ಲ. ಅದೇ ತಿದ್ದುಪಡಿ ಒಬ್ಬರಿಗಿದ್ದ ಕೋವಿಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಲೈಸೆನ್ಸಿನ ಅವಧಿಯನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿತು. ಐದು ವರ್ಷ ಸಿಕ್ಕಿತೆಂದು ನವೀಕರಣ ಮರೆಯುವವರು ಬಹಳ. ಅವಧಿ ಮುಗಿದ ಲೈಸೆನ್ಸಿಗೆ ತೋಟಾ ಸಿಗುವುದಿಲ್ಲ, ಮನೆಯಲ್ಲಿ ಉಳಿದ ತೋಟಾವೂ ಅಂದಿನಿಂದ ಅಕ್ರಮ. ಎರಡು ತಿಂಗಳು ಮೊದಲೇ ಶಸ್ತ್ರ ಲೈಸೆನ್ಸುಗಳ ಕೇಂದ್ರ ದಾಖಲೆಯ ಎನ್‌ಡಿಎಎಲ್–ಅಲಿಸ್ ಜಾಲತಾಣದಲ್ಲಿ ಅರ್ಜಿ ಹಾಕಿ, ಸ್ವೀಕೃತಿ ಪ್ರಿಂಟ್ ಲೈಸೆನ್ಸಿನ ಜೊತೆಯಲ್ಲೇ ಇಟ್ಟುಕೊಳ್ಳಿ. ಲೈಸೆನ್ಸಿಗೆ ಯುಐಎನ್ (ವಿಶಿಷ್ಟ ಗುರುತಿನ) ಸಂಖ್ಯೆ ಇದೆಯೇ ಎಂದೂ ನೋಡಿ. ಮದುವೆ, ಜಾತ್ರೆ, ಗೆಲುವಿನ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವುದನ್ನು ಕೂಡ 2019ರಲ್ಲಿ ಪ್ರತ್ಯೇಕ ಅಪರಾಧ ಮಾಡಿದ್ದಾರೆ: ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಬೆಳೆ ರಕ್ಷಣೆಯ ಲೈಸೆನ್ಸ್ ಬೇರೆಯದೇ ಬಗೆ. ಕಾಯ್ದೆಯ 13ನೇ ಕಲಂ ಇದಕ್ಕೆ ಮೊದಲು ಸೂಚಿಸುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನು. ಅದು ಸಾಲದು ಎಂದು ಡಿಸಿಯವರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ನಯನಳಿಗೆಯ (12 ಬೋರಿನಂತೆ ನಳಿಗೆಯ ಒಳಗೆ ಗೀರಿಲ್ಲದ) ಕೋವಿ. ರೈಫಲ್ಲಿನ ಮಾತೇ ಇಲ್ಲ. ‘ಬೆಳೆ ಕಾಯಲು .315 ಬೇಕು’ ಎಂಬ ಅರ್ಜಿ ಬಿದ್ದುಹೋಗುವುದು ಇಲ್ಲೇ. ಪಹಣಿ, ಬೆಳೆ ನಷ್ಟದ ವಿವರ, ಫೋಟೊ, ಗ್ರಾಮ ಆಡಳಿತಾಧಿಕಾರಿಯ (ಹಿಂದಿನ ಗ್ರಾಮ ಲೆಕ್ಕಿಗರ) ವರದಿ ಜೊತೆಗಿಟ್ಟು, ಕೇಪಿನ ಕೋವಿ ಏಕೆ ಸಾಲದು ಎಂದು ಎರಡು ಸಾಲು ಸ್ಪಷ್ಟವಾಗಿ ಬರೆದರೆ ಅರ್ಜಿಗೆ ತೂಕ ಬರುತ್ತದೆ. ಮಳೆಗಾಲದ ರಾತ್ರಿ ಮದ್ದು ತೇವಗೊಂಡು ಕೇಪು ಸಿಡಿದರೂ ಕೋವಿ ಹಾರುವುದಿಲ್ಲ ಎಂಬುದು ಗಟ್ಟಿ ಕಾರಣ.

ಜಗಳೂರು ತಾಲ್ಲೂಕಿನವರು ಒಂದು ಮಾತು ಹೆಚ್ಚಿಗೆ ತಿಳಿದಿರಬೇಕು. ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದಿಂದ 10 ಕಿಲೋಮೀಟರಿನೊಳಗೆ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಹೇಳುವುದು ಇದನ್ನೇ. ಆ ವ್ಯಾಪ್ತಿಯಲ್ಲಿ ಮೊದಲಿನಿಂದ ಲೈಸೆನ್ಸ್ ಇದ್ದವರೂ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಿರಬೇಕು. ಚಿತ್ರದುರ್ಗದ ಜೋಗಿಮಟ್ಟಿ ವನ್ಯಧಾಮದ ಸುತ್ತಲಿನವರಿಗೂ ಇದೇ ನಿಯಮ. ಫೈಲು ತಿಂಗಳುಗಟ್ಟಲೆ ಎಲ್ಲಿ ಕೂತಿದೆ ಎಂದು ಪೊಲೀಸ್ ಠಾಣೆಯಲ್ಲಿ ವಿಚಾರಿಸುವವರು ಅರಣ್ಯ ಇಲಾಖೆಯ ಕಚೇರಿಯಲ್ಲೂ ಕೇಳಲಿ. ಇನ್ನು ಕೋವಿಯ ಲೈಸೆನ್ಸ್ ಬೇಟೆಯ ಪರವಾನಗಿ ಅಲ್ಲವೇ ಅಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಕರಡಿ, ನವಿಲು, ಕೃಷ್ಣಮೃಗ ಒಂದನೆಯದರಲ್ಲಿ. ಬೆಳೆ ತಿನ್ನುತ್ತಿದ್ದರೂ ಅಧಿಕಾರ ಪಡೆದ ಅರಣ್ಯಾಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಕೊಲ್ಲುವಂತಿಲ್ಲ. ಹೊಲದಲ್ಲಿ 12 ಬೋರಿನ ದಿನನಿತ್ಯದ ಕೆಲಸ ಸದ್ದು ಮಾಡಿ ಓಡಿಸುವುದು, ಅದಕ್ಕೆ ಶಕ್ತಿಮಾನ್‌ಗಿಂತ ದುಬಾರಿ ತೋಟಾ ಬೇಕಿಲ್ಲ.

ಖಾಲಿ ಕೊಳವೆಗೆ ಮನೆಯಲ್ಲೇ ಮದ್ದು, ಚರೆ ತುಂಬಿಕೊಳ್ಳುವ ಹಳೆ ಚಾಳಿ ಕೆಲವು ಊರುಗಳಲ್ಲಿ ಇನ್ನೂ ಇದೆ. ಕಾನೂನಿನ ಕಣ್ಣಿನಲ್ಲಿ ಅದು ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದ ಹಾಗೆ, 2019ರಿಂದ ಅದಕ್ಕೆ ಕನಿಷ್ಠ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಕಾರ್ಖಾನೆಯ ತೋಟಾ ಸಿಗುವಾಗ ಈ ಸಾಹಸ ಯಾರಿಗೂ ಬೇಡ.

ಇಡುವ ರೀತಿಯಲ್ಲೂ ತಪ್ಪು ನಡೆಯುತ್ತದೆ. ಚರ್ಮದ ಪಟ್ಟಿಯಲ್ಲಿ ತೋಟಾ ಸಿಕ್ಕಿಸಿ ಗೋಡೆಗೆ ನೇತುಹಾಕುವುದು ನೋಡಲು ಚಂದ. ಆದರೆ ಚರ್ಮ ಹದ ಮಾಡಿದ ಆಮ್ಲ ಹಿತ್ತಾಳೆಯನ್ನು ತಿನ್ನುತ್ತದೆ, ಕೆಲವೇ ತಿಂಗಳಲ್ಲಿ ಹಸಿರು ಕಿಲುಬು ಏಳುತ್ತದೆ. ತೋಟಾಕ್ಕೆ ಎಣ್ಣೆ ಹಚ್ಚಬೇಡಿ, ತೆಳು ಎಣ್ಣೆ ಕೇಪಿನ ಸಂದಿಯಿಂದ ಒಳಗಿಳಿದರೆ ತೋಟಾ ಸತ್ತಂತೆ. ತಗಡಿನ ಛಾವಣಿಯ ಕೆಳಗೆ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ, ಅಡುಗೆಮನೆಯ ಅಟ್ಟದಲ್ಲಿ ಇಡಬೇಡಿ. ಮೂಲ ಡಬ್ಬಿಯಲ್ಲೇ, ಒಣ ಜಾಗದಲ್ಲಿ, ಕೋವಿಯಿಂದ ಬೇರೆಯಾಗಿ ಬೀಗದೊಳಗೆ ಇರಲಿ. ಬೀಗದ ಕೈ ಲೈಸೆನ್ಸುದಾರರ ಹತ್ತಿರವೇ ಇರಬೇಕು. ಚೀಲದ ತಳದಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಸಿಕ್ಕರೂ ಕೇಸು ದಾಖಲಾಗುತ್ತದೆ. ಗೊತ್ತಿದ್ದೇ ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಎಂದು ಸುಪ್ರೀಂ ಕೋರ್ಟ್ 1972ರ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದ್ದರೂ, ಅದನ್ನು ರುಜುವಾತು ಮಾಡಲು ಕೋರ್ಟಿಗೆ ಅಲೆಯುವುದು ತಪ್ಪುವುದಿಲ್ಲ.

ಕುದುರೆ ಬಿದ್ದು ‘ಟಿಕ್’ ಎಂದು ಸುಮ್ಮನಾದರೆ ಕೂಡಲೇ ಕೋವಿ ಮುರಿದು ನೋಡಬಾರದು. ನಳಿಗೆ ಮಣ್ಣಿನ ಕಡೆಗೇ ಇರಲಿ, ಪೂರ್ತಿ ಒಂದು ನಿಮಿಷ ಕಾಯಿರಿ. ತಡವಾಗಿ ಹೊತ್ತಿಕೊಳ್ಳುವ ಕೇಪು ಉಂಟು. ‘ಪುಸ್’ ಎಂಬ ಸಣ್ಣ ಸದ್ದು ಬಂದರೆ ಇನ್ನೂ ಜಾಗ್ರತೆ ಬೇಕು. ಮದ್ದು ಸರಿಯಾಗಿ ಉರಿಯದೆ ಮದ್ದಿಗೂ ಚರೆಗೂ ನಡುವಿನ ಬೆಣೆಯೋ ಗುಂಡೋ ನಳಿಗೆಯಲ್ಲೇ ನಿಂತಿರಬಹುದು. ತೋಟಾ ತೆಗೆದು, ಬುಡದ ಕಡೆಯಿಂದ ಬೆಳಕಿಗೆ ಹಿಡಿದು ನಳಿಗೆ ಆರಪಾರ ಕಂಡ ಮೇಲೆಯೇ ಮುಂದಿನದು.

ಲೈಸೆನ್ಸುದಾರರು ತೀರಿಕೊಂಡ ಮನೆಗಳಲ್ಲಿ ಕೋವಿಯ ನೆನಪಿರುತ್ತದೆ, ಟ್ರಂಕಿನ ತಳದ ತೋಟಾ ಮರೆತಿರುತ್ತದೆ. 21ನೇ ಕಲಮಿನ ಪ್ರಕಾರ ಎರಡನ್ನೂ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಡೀಲರ ಹತ್ತಿರ ಠೇವಣಿ ಇಡಬೇಕು. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಅರ್ಜಿ ಹಾಕಿಕೊಳ್ಳಬಹುದು. ಚುನಾವಣೆ ಬಂದಾಗ ಡಿಸಿ ಆದೇಶದಂತೆ ಠೇವಣಿ ಇಡುವಾಗಲೂ ಕೋವಿಯ ಜೊತೆ ತೋಟಾ ಕೊಡಬೇಕಿದ್ದರೆ ಬೋರು, ಬಗೆ, ಸಂಖ್ಯೆ ರಸೀದಿಯಲ್ಲಿ ಬರೆಸಿಕೊಳ್ಳಿ. ಬಿಡಿಸಿಕೊಳ್ಳುವ ದಿನ ಅದೇ ರಸೀದಿ ಹಿಡಿದು ಒಂದೊಂದಾಗಿ ಎಣಿಸಿ ಸಹಿ ಹಾಕಿ. ಕಿಲುಬು ಹಿಡಿದ, ಹಾರದ ಹಳೆ ತೋಟಾ ಇದ್ದರೆ ಬಾವಿಗೆ, ಕೆರೆಗೆ ಎಸೆಯಬೇಡಿ, ಒಲೆಗಂತೂ ಬೇಡವೇ ಬೇಡ. ಡೀಲರ ಅಥವಾ ಠಾಣೆಯ ವಶಕ್ಕೆ ಕೊಟ್ಟು, ಲೈಸೆನ್ಸಿನಲ್ಲಿ ಅಷ್ಟನ್ನು ವಜಾ ಮಾಡಿಸಿ, ಅದಕ್ಕೂ ಒಂದು ರಸೀದಿ ಪಡೆಯಿರಿ.